ಗೋದಲಿಗೆ ಬಿತ್ತಿದ ರಾಗಿ

ನಜರ್‌ಬಾದ್, ಮೈಸೂರು
19 ಡಿಸೆಂಬರ್ 2024, ಗುರುವಾರ

ಪ್ರೀತಿಯ ಮಗಳೇ ಏಂಜೆಲಿನ್,

ಹೆಂಗಿದ್ದೀಯಮ್ಮಾ? ಹಾಸನದ ಚಳಿಗೆ ನಿನ್ನ ಕೆಮ್ಮು ತಿರುಗಿ ಬಂದಿಲ್ಲ ತಾನೆ? ಸಿಸ್ಟರ್ ಆಗೋರಿಗೆ ಫೋನ್ ಬೇಡ ಅಂದ ನಿಮ್ಮ ಕಾನ್ವೆಂಟ್ ಮದರ್ ಪುಣ್ಯದಿಂದ ಈ ವಯಸ್ಸಲ್ಲಿ ನಾನು ಪತ್ರ ಬರೆಯೋದು ಕಲಿತೆ ನೋಡು. ನನ್ನ ಮಂಡಿ ನೋವು ಹಂಗೇ ಇದೆ. ರಾಗಿಹಿಟ್ಟು ಬಿಸಿಬಿಸಿ ಕಲಸಿ ಬಟ್ಟೇಲಿ ಕಟ್ಟಿಕೊಂಡು ಕೂತಿದ್ದೀನಿ. "ಹೊಟ್ಟೆಗೂ ಅದೇ, ಮಂಡಿಗೂ ಅದೇ" ಅಂತ ನಿಮ್ಮಪ್ಪ ನಕ್ಕರು. ಅವರು ನಕ್ಕಿದ್ದೇ ದೊಡ್ಡದು ಕಣೇ ಈಗ.

ಕೆಳಗೆ ನಮ್ಮ ಗಿರಣಿ ಓಡ್ತಿದೆ. ಮಧ್ಯಾಹ್ನ ಆ ಸದ್ದಿಗೆ ಕಣ್ಣು ಎಳೆಯುತ್ತೆ, ಹಿಟ್ಟಿನ ಧೂಳು ಕಿಟಕಿ ಬಿಸಿಲಲ್ಲಿ ಮೆಲ್ಲಗೆ ತೇಲ್ತಾ ಇರುತ್ತೆ, ನಿದ್ದೆಯೋ ಎಚ್ಚರವೋ ಗೊತ್ತಾಗಲ್ಲ. ನಿನ್ನೆ ಹಾಗೇ ಒರಗಿದ್ದಾಗ ನೀನು ಹಸುಗೂಸಾಗಿ ರಾಗಿ ದಿಂಬಿನ ಮೇಲೆ ಮಲಗಿದ್ದೆ. ತಲೆ ಗುಂಡಗಿರಲಿ ಅಂತ ನಿಮ್ಮಜ್ಜಿ ಹೊಲಿದ ದಿಂಬು ಅದು. ನೀನು ಹೊರಳಿದಾಗೆಲ್ಲ ಒಳಗೆ ಕಾಳು ಸರಸರ ಅಂತಿತ್ತು. ನಾನು ಅದನ್ನ ಕೇಳ್ತಾ ಇದ್ದ ಹಾಗೇ ನೀನು ರಾಗಿ ಸರಿ ಮೂತಿಗೆಲ್ಲ ಮೆತ್ತಿಕೊಂಡೆ, ಅಂಬಲಿ ಅಂಟಲ್ಲಿ ಗಾಳಿಪಟ ಅಂಟಿಸಿದೆ, ಅಪ್ಪನ ತೊಡೆ ಮೇಲೆ ಕೂತು ಮುದ್ದೆ ನುಂಗೋದು ಕಲಿತೆ. ಕಣ್ಣು ಬಿಟ್ಟರೆ ಮನೆ ತುಂಬ ಬರೀ ಬಿಸಿಲು. ಸ್ವಲ್ಪ ಅತ್ತೆ ಕಣಮ್ಮ, ಸುಳ್ಳು ಯಾಕೆ ಹೇಳಲಿ.

ನೀನು ಕೇಳಿದ್ದು ಒಂದೇ ಮಾತು: ಇಪ್ಪತ್ತೆಂಟನೇ ತಾರೀಖು ನೀನು ಸಿಸ್ಟರಾಗೋ ವ್ರತ ತಗೊಳ್ಳುವಾಗ ಅಪ್ಪ ಬರ್ತಾರಾ? ಏನು ಹೇಳಲಿ. "ಇರೋ ಒಬ್ಬ ಮಗಳನ್ನ ಕೊಟ್ಟುಬುಟ್ಟು ಊಟ ಮಾಡ್ಕೊಂಡು ಬರೋಕೆ ನಾನು ಬರಲ್ಲ, ಈ ಸಲ ಕ್ರಿಸ್‌ಮಸ್‌ಗೆ ಮನೇಲಿ ಗೋದಲೀನೂ ಬೇಡ" ಅಂತ ಕೂತಿದ್ದರು. ಹಿಟ್ಟು ತಿಂದು ಬೆಟ್ಟ ಕಿತ್ತಿಡೋ ಮನುಷ್ಯ, ನಿನ್ನ ವಿಷಯಕ್ಕೆ ಮಾತ್ರ ಮುದ್ದೆಗಿಂತ ಮೆತ್ತಗೆ. ಅದಕ್ಕೇ ಈ ಸಿಟ್ಟು.

ಆದರೆ ಹತ್ತು ದಿನದ ಹಿಂದೆ ಮಾತೆ ಮರಿಯಮ್ಮನ ಹಬ್ಬದ ದಿನ ಏನಾಯ್ತು ಗೊತ್ತಾ? ಬಾಲಯೇಸುವಿನ ಗೋದಲಿ ಸುತ್ತ ಹೊಲದ ಹಾಗೆ ಹಸಿರಾಗಲಿ ಅಂತ ಅಪ್ಪ ಮಗಳು ವರ್ಷಾ ವರ್ಷಾ ರಾಗಿ ಬಿತ್ತೋ ತಟ್ಟೇನ ಅವರೇ ಅಟ್ಟದಿಂದ ಇಳಿಸಿದರು. ಮಣ್ಣು ಹಾಕಿ ಕಾಳು ಉದುರಿಸಿ, "ಇದು ಹಸಿರಾದ್ರೆ ಹಾಸನಕ್ಕೆ ಬರ್ತೀನಿ. ಆಗಲಿಲ್ಲ ಅಂದ್ರೆ ನನ್ನನ್ನ ಕೇಳಕೂಡದು" ಅಂದರು. ನನಗೆ ಕುಣಿಯೋಷ್ಟು ಖುಷಿ. ಅಡಿಗೆಮನೆಗೆ ಹೋಗಿ ನೋಡ್ತೀನಿ, ನಿನಗೆ ಹುರಿಹಿಟ್ಟು ಕಳಿಸೋಣ ಅಂತ ನಾನು ಹುರಿದಿಟ್ಟಿದ್ದ ರಾಗಿ ಡಬ್ಬ ಬಾಯಿ ತೆರೆದುಕೊಂಡಿದೆ! ಅಯ್ಯೋ ದೇವರೇ, ಹುರಿದ ರಾಗಿ ಯಾವ ಕಾಲದಲ್ಲಿ ಮೊಳೆತಿತ್ತು? ಮೀಸೆ ಮೂಡಿದಾಗಿಂದ ರಾಗಿ ಬೀಸಿರೋ ನಿಮ್ಮಪ್ಪ ಗಿರಣಿ ಅಮಲರಾಜ್‌ಗೆ ವಾಸನೇಲಾದ್ರೂ ತಿಳೀಬಾರದಾ! ಮನಸ್ಸು ನೆಟ್ಟಗಿಲ್ಲ, ಪಾಪ, ಡಬ್ಬ ತಪ್ಪಿದೆ ಅಂದುಕೊಂಡೆ. ಮಾರನೇ ದಿನ ಅವರು ಚರ್ಚಿನ ಪೂಜೆಗೆ ಹೋದ ಹೊತ್ತಲ್ಲಿ ಮೇಲಿನ ಮಣ್ಣು ಕೆರೆದು, ಹಸಿ ರಾಗಿ ಬಿತ್ತಿಬುಟ್ಟೆ.

ಈಗ ತಟ್ಟೆ ತುಂಬ ಹಸಿರು. ಬೆಳಗಿನ ಹೊತ್ತು ಪೈರಿನ ತುದಿಗಳಲ್ಲಿ ನೀರ ಹನಿ ನಿಂತಿರುತ್ತೆ. ನೋಡ್ತಾ ನಿಂತರೆ ಇಲವಾಲದ ನಿಮ್ಮಜ್ಜಿ ಹೊಲದ ಬದುವಿನ ಮೇಲೇ ನಿಂತ ಹಾಗಿರುತ್ತೆ. ಅಪ್ಪ ದಿನಾ ನೀರು ಚಿಮುಕಿಸ್ತಾರೆ, ಬೆರಳಲ್ಲಿ ಸವರ್ತಾರೆ, ಬರ್ತೀನಿ ಅಂತ ಮಾತ್ರ ಬಾಯಿ ಬಿಡಲ್ಲ. ನಾನಂತೂ ಬಂದೇ ಬರ್ತೀನಿ. ಹೊತ್ತಿಗೆ ಸರಿಯಾಗಿ ಉಣ್ಣು. ನಿಮ್ಮ ಸಿಸ್ಟರುಗಳಿಗೆಲ್ಲ ನನ್ನ ನಮಸ್ಕಾರ. ಮಾತೆ ಮರಿಯಮ್ಮನ ಸೆರಗು ನಿನ್ನ ತಲೆ ಮೇಲಿರಲಿ.

ನಿನ್ನ ಅಮ್ಮ,
ಕ್ಯಾಥರೀನ್

ತಾಜಾಕಲಂ: ಲಕೋಟೆ ಅಂಟಿಸೋಕೆ ಅಂಬಲಿ ಸವರ್ತಿದ್ದೆ, ಅಪ್ಪ ಮೇಲೆ ಬಂದು ಪಕ್ಕದಲ್ಲಿ ಕೂತರು. "ಹುರಿದಿದ್ದು ಅಂತ ಗೊತ್ತಿದ್ದೇ ಬಿತ್ತಿದ್ದೆ ಕಣೇ, ಮೊಳೀಬಾರದು ಅಂತಲೇ. ನೀನು ಬದಲಾಯಿಸಿದ್ದೂ ಆವತ್ತೇ ಗೊತ್ತಾಯ್ತು" ಅಂದರು. ಮತ್ಯಾಕೆ ದಿನಾ ನೀರು ಹಾಕಿದ್ರಿ ಅಂದೆ. ಟವೆಲಲ್ಲಿ ಕಣ್ಣೊರೆಸಿಕೊಂಡು, "ತಟ್ಟೇನ ಬಸ್ಸಲ್ಲಿ ನನ್ನ ತೊಡೆ ಮೇಲೇ ಇಟ್ಕೊಂಡು ಬರ್ತೀನಿ, ಅವರ ಚಾಪೆಲ್ ಗೋದಲಿ ಹತ್ತಿರ ಜಾಗ ಇದೆಯಾ ಕೇಳು" ಅಂದರು. ಜಾಗ ಮಾಡಿಸಮ್ಮ.