ಎಪಾಕ್ಸಿಯಲ್ಲಿ ಕೂತ ನೊಣ

ಸುಗಟೂರು

ಅತ್ತೆಗೆ ನಮಸ್ಕಾರ.

ಕಾಲಿನ ಆಪರೇಷನ್ನಿಗೆ ಹೊರಡುವಾಗ, “ನಂಗಿನ್ನು ರೇಷ್ಮೆ ಹುಳ ಮೇಯ್ಸಕ್ಕಾಗಲ್ಲ. ಹುಳದ ಮನೆ ನಿನ್ ಮರಗೆಲಸಕ್ಕೇ ಇಟ್ಕೊ ಕಣೇ” ಅಂದಿರಿ. ಆದರೂ ಕೌಸರ್ ಅವರು ಮಾಡಿಸುತ್ತಿರುವ ಹಲಸಿನ ಮೇಜಿಗೆ ಜಗುಲಿಯಲ್ಲೇ ಎಪಾಕ್ಸಿ ಅಂಟು ಸುರಿದೆ. ಅದು ಗಾಜಿನಂತೆ ಗಟ್ಟಿಯಾಗುವ ಮುಂಚೆ ನೊಣವೊಂದು ಕೂತು ಅಲ್ಲೇ ಉಳಿದುಬಿಟ್ಟಿತು.

“ಹುಳದ ಮನೇಲಾದ್ರೆ ಕಿಟಕಿಗೆಲ್ಲ ಬಲೆ ಇತ್ತಲ್ಲಮ್ಮ” ಎಂದರು ಕೌಸರ್. ನಿಜ. ಆದರೆ ಎಪಾಕ್ಸಿ ವಾಸನೆ ಗೋಡೆಗೆ ಹಿಡಿದರೆ ಹುಳ ಸೊಪ್ಪು ಮುಟ್ಟುವುದಿಲ್ಲ. ಬೀಡಿ ಸೇದಿ ಬಂದವರನ್ನೇ ನೀವು ಒಳಗೆ ಬಿಡುತ್ತಿರಲಿಲ್ಲ.

ಮೇಲ್ಪದರ ಉಜ್ಜಿ, ಜಗುಲಿಗೆ ಸೊಳ್ಳೆಪರದೆ ಕಟ್ಟಿ ಮತ್ತೆ ಸುರಿಯುತ್ತೇನೆ. ಡಾಕ್ಟರು ನಡೆಯಲು ಬಿಟ್ಟ ದಿನ ತಿಳಿಸಿ. ಹುಳದ ಮನೆಗೆ ಸುಣ್ಣ ಹೊಡೆದಿದ್ದೇನೆ. ಹಿಪ್ಪುನೇರಳೆ ಚಿಗುರಿದೆ.

ನಿಮ್ಮ ಸೊಸೆ,
ಸುನಂದ