ಊಟದ ಬೆಂಚಿನ ಮಾತು

ಹದಿನಾಲ್ಕನೇ ತಾರೀಖು, ಗುರುವಾರ

ಪ್ರೀತಿಯ ಅಕ್ಕನಿಗೆ ನಿನ್ನ ತಂಗಿಯ ನಮಸ್ಕಾರಗಳು.

ದೇವರ ದಯೆಯಿಂದ ಆರೋಗ್ಯವಾಗಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತೆ, ಬೈಯಬೇಡ. ದಿನವಿಡೀ ಬರೆಯುವುದೇ ಕೆಲಸವಾದ ಮೇಲೆ ಮನೆಯಲ್ಲಿ ಪೆನ್ನು ಮುಟ್ಟಲು ಮನಸ್ಸಾಗುವುದಿಲ್ಲ.

ಹೊಲಿಗೆ ಯಂತ್ರದ ಕಾರ್ಖಾನೆಯಲ್ಲಿ ನಿನಗೇನು ಕೆಲಸ ಎಂದು ಕೇಳಿದ್ದೆಯಲ್ಲ. ದಾರ ಹೀಗೆ ಪೋಣಿಸಿ, ಎಣ್ಣೆ ಇಲ್ಲಿ ಬಿಡಿ ಎಂದು ಯಂತ್ರದ ಜೊತೆ ಒಂದು ಪುಸ್ತಿಕೆ ಇಡುತ್ತಾರೆ, ಅದನ್ನು ಬರೆಯುವುದು. ಇಪ್ಪತ್ತು ವರ್ಷ ಹೊಲಿದವಳು, ಎಲ್ಲರಿಗೂ ತಿಳಿಯುವ ಹಾಗೆ ಬರೆಯುತ್ತಾಳೆ ಎಂದು ಆರು ತಿಂಗಳ ಕಾಂಟ್ರಾಕ್ಟಿಗೆ ತೆಗೆದುಕೊಂಡರು.

ಯಂತ್ರ ಜೋಡಿಸುವವರನ್ನು ಕೇಳಿಯೇ ಬರೆಯಬೇಕು, ಆದರೆ ಮೊದಮೊದಲು ಯಾರೂ ಬಾಯಿ ಬಿಡಲಿಲ್ಲ. ಮಧ್ಯಾಹ್ನ ಫಿಟ್ಟರುಗಳ ಬೆಂಚಿನಲ್ಲಿ ಕೂತರೆ ಮಾತೇ ನಿಂತುಹೋಗುತ್ತಿತ್ತು. ಕೊನೆಗೆ ಅವರಲ್ಲಿ ಹಿರಿಯರಾದ ಫಿಟ್ಟರು ನನ್ನ ತೊಡೆಯ ಮೇಲಿದ್ದ ನೋಟುಪುಸ್ತಕ ನೋಡಿ, "ಏನಮ್ಮ, ಊಟಕ್ಕೆ ಬಂದ್ರೋ, ಪಂಚನಾಮೆ ಬರೆಯೋಕೆ ಬಂದ್ರೋ?" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮರುದಿನದಿಂದ ಬುತ್ತಿ ಮಾತ್ರ ಒಯ್ದೆ. ಆಮೇಲೆ ಸೊಸೆಯ ಹಟದಿಂದ ಹಿಡಿದು ಸೂಜಿ ಮುರಿಯುವುದೇಕೆ ಎಂಬುದರವರೆಗೆ ಎಲ್ಲ ಹೇಳಿದರು. ನನ್ನ ಉಪವಾಸದ ದಿನವೂ ನನ್ನ ಜಾಗ ಬಿಟ್ಟು ಕೂರುತ್ತಿದ್ದರು.

ಒಂದು ದಿನ ಉಳಿದವರು ಎದ್ದ ಮೇಲೆ ಆ ಹಿರಿಯರು, ತಮಗೆ ಸಣ್ಣ ತಿರುಪು ಕಾಣುವುದೇ ಇಲ್ಲ, ಒಂದು ವರ್ಷದಿಂದ ಬೆರಳ ತುದಿಯಲ್ಲೇ ದಾರದ ಬಿಗಿ ಹೊಂದಿಸುವುದು ಅಂದರು. ಎಂಥ ಕೈ ಅಕ್ಕ ಅದು. ಬೆರಳಿನಲ್ಲೇ ಬಿಗಿ ತಿಳಿಯುವ ಉಪಾಯವನ್ನು ಪುಸ್ತಿಕೆಗೆ ಸೇರಿಸಿದೆ. ನನ್ನ ಮೇಲಿನ ಇಂಜಿನಿಯರು ಓದಿ ಮೆಚ್ಚಿ, ಯಾರು ಹೇಳಿಕೊಟ್ಟರು ಎಂದು ಕೇಳಿದರು. ಹೆಮ್ಮೆಯಿಂದ ಹೇಳಿಬಿಟ್ಟೆ, ಕಣ್ಣಿನ ವಿಷಯವನ್ನೂ ಸೇರಿಸಿ. ಆ ವಾರವೇ ಅವರ ಕಣ್ಣು ಪರೀಕ್ಷೆ ಮಾಡಿಸಿ, ಪೆಟ್ಟಿಗೆ ಕಟ್ಟುವ ಕಡೆಗೆ ಹಾಕಿದರು. ಮೂವತ್ತು ವರ್ಷ ಯಂತ್ರ ಜೋಡಿಸಿದವರು ಈಗ ರಟ್ಟಿಗೆ ಟೇಪು ಅಂಟಿಸುತ್ತಿದ್ದಾರೆ.

ಬೆಂಚಿನವರು ಈಗ ನನ್ನೆದುರು ಬಿಸಿಲಿನ ಮಾತಾಡಿ ಎದ್ದುಹೋಗುತ್ತಾರೆ, ಅಷ್ಟೆ. ನಿನ್ನೆ ನಾನೇ ಪೆಟ್ಟಿಗೆ ಕಟ್ಟುವ ಕೋಣೆಗೆ ಹೋಗಿ, ತಪ್ಪಾಯಿತು ಎಂದು ಅವರಿಗೆ ಕೈಮುಗಿದೆ. ಒಂದು ಸ್ಟೂಲು ಎಳೆದುಕೊಟ್ಟು, "ಕೂತ್ಕೊಳ್ಳಿ, ಊಟ ಆರುತ್ತೆ" ಅಂದರು.

ದೇವರು ನಿನ್ನ ಮೊಣಕಾಲಿಗೆ ಬಲ ಕೊಡಲಿ, ಭಾವನವರನ್ನು ಚೆನ್ನಾಗಿಟ್ಟಿರಲಿ. ನಿನ್ನ ಪ್ರಾರ್ಥನೆಯಲ್ಲಿ ನನ್ನನ್ನೂ ನೆನೆ.

ನಿನ್ನ ತಂಗಿ

ಅಕ್ಕ, ಕಾಗದ ಮಡಿಸಿ ಮತ್ತೆ ಬಿಚ್ಚಿದೆ. ಹೆಮ್ಮೆಯಿಂದ ಹೇಳಿದೆ ಎಂದು ಬರೆದೆನಲ್ಲ, ಅದು ಸುಳ್ಳು. ಕಣ್ಣಿನ ವಿಷಯ ನಮ್ಮಿಬ್ಬರಲ್ಲೇ ಇರಲಿ ಎಂದೇ ಆ ಹಿರಿಯರು ಹೇಳಿದ್ದು. ಆ ದಿನ ಇಂಜಿನಿಯರ ಮುಂದೆ ನನ್ನ ಕಾಂಟ್ರಾಕ್ಟು ಮುಂದುವರಿಸುವ ಕಾಗದವಿತ್ತು. ಕೆಲಸದವರು ನನ್ನಿಂದ ಏನನ್ನೂ ಮುಚ್ಚಿಡುವುದಿಲ್ಲ ಎಂದು ತೋರಿಸಿಕೊಳ್ಳಬೇಕಿತ್ತು. ಇನ್ನಾರು ತಿಂಗಳು ಸಿಕ್ಕಿತು. ನಿನ್ನೆ ಊಟ ಮುಗಿಸಿ ಏಳುವಾಗ ಆ ಹಿರಿಯರೇ ಕೇಳಿದರು, ನಿಮ್ಮ ಕೆಲಸ ಏನಾಯಿತು ಎಂದು. ಮುಂದುವರಿಸಿದರು ಅಂದೆ.

"ಸದ್ಯ," ಅಂದರು, "ನನ್ನಿಂದ ನಿಮಗೆ ತೊಂದ್ರೆ ಆಯ್ತೇನೋ ಅಂತಿದ್ದೆ."