ನೀವು ಹಾಕಿದ ಚಿಲಕ

ಭಾವನವರಿಗೆ,

ಕ್ಷೇಮ ಎಂದು ಬರೆದು ಶುರು ಮಾಡುವುದು ವಾಡಿಕೆ. ಇಲ್ಲಿ ಎಲ್ಲವೂ ಕ್ಷೇಮವಿಲ್ಲ, ಅದಕ್ಕೆ ಅರ್ಧ ಕಾರಣ ನೀವೇ. ಆದ್ದರಿಂದ ಆ ಸಾಲು ಬಿಟ್ಟಿದ್ದೇನೆ.

ನಿನ್ನೆ ನಿಮ್ಮ ತಮ್ಮ, "ಅಣ್ಣನಿಗೊಂದು ಫೋನ್ ಮಾಡ್ಲಾ?" ಎಂದು ನನ್ನನ್ನು ಕೇಳಿದರು. ಹದಿನೇಳು ವರ್ಷ ನಿಮ್ಮ ಮರಗೆಲಸದ ಅಂಗಡಿಯಲ್ಲಿ ದುಡಿದ ಮನುಷ್ಯ, ನಿಮ್ಮ ಜೊತೆ ಮಾತಾಡಲು ನನ್ನ ಅಪ್ಪಣೆ ಕೇಳುತ್ತಿದ್ದರು. ನಾಲ್ಕು ದಿನ ಬಿಟ್ಟು ಮಾಡಿ ಎಂದೆ. ಅದಕ್ಕೆ ಮುಂಚೆ ನನ್ನ ಮಾತು ನಿಮಗೆ ತಲುಪಲಿ.

ಮೊದಲ ಸಲ ಅವರ ಎದೆ ಹೊಡೆದುಕೊಂಡು, ಕೈ ಮರಗಟ್ಟಿ, ಉಸಿರು ಸಿಗದೆ ಕುಸಿದಾಗ ಆಸ್ಪತ್ರೆಗೆ ಹೊತ್ತುಕೊಂಡು ಓಡಿದವರು ನೀವೇ. ಇಲ್ಲ ಅನ್ನುವುದಿಲ್ಲ. ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು: "ಹಾರ್ಟಿಗೇನೂ ಆಗಿಲ್ಲ. ಇದು ಪ್ಯಾನಿಕ್ ಅಟ್ಯಾಕ್. ಆ ಹೊತ್ತಲ್ಲಿ ಅವರಿಗೆ ನಿಜವಾಗ್ಲೂ ಸಾಯ್ತಿದೀನಿ ಅನ್ಸುತ್ತೆ. ಚಿಕಿತ್ಸೆ ಇದೆ." ನಿಮ್ಮ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ. ಅಂದಿನಿಂದ ನಿಮ್ಮ ಬಾಯಲ್ಲಿ ಅದು ನಾಟಕವಾಯಿತು.

ಏಳು ತಿಂಗಳ ಹಿಂದೆ, ಆ ಮಂಗಳವಾರ ಮಧ್ಯಾಹ್ನ ಅವರನ್ನು ಡಾಕ್ಟರ ಬಳಿ ಕರೆದೊಯ್ಯಲು ಅಂಗಡಿಗೆ ಬಂದೆ. ಮರ ಹೆರೆಯುವ ರಂದ ನಿಂತಿತ್ತು, ಗರಗಸ ನಿಂತಿತ್ತು. ನಾಲ್ವರು ಕೆಲಸಗಾರರು ತಲೆ ತಗ್ಗಿಸಿ ನಿಂತಿದ್ದರು. ಪಾಲಿಶ್ ಡಬ್ಬಗಳನ್ನು ಇಡುವ ಕಿಟಕಿಯಿಲ್ಲದ ಕೋಣೆಯ ಬಾಗಿಲನ್ನು ಒಳಗಿನಿಂದ ಯಾರೋ ಬಡಿಯುತ್ತಿದ್ದರು. ನೀವು ಹೊರಗೆ ಸ್ಟೂಲಿನ ಮೇಲೆ ಕುಳಿತಿದ್ದಿರಿ. "ಹತ್ತು ನಿಮಿಷ ಒಳಗಿರ್ಲಿ ಬಿಡಮ್ಮ, ಭಯ ತಾನಾಗೇ ಇಳಿಯುತ್ತೆ" ಅಂದಿರಿ.

ಚಿಲಕ ತೆಗೆದವಳು ನಾನು. ಅವರ ಅಂಗಿ ಒದ್ದೆಯಾಗಿತ್ತು, ಎರಡು ಉಗುರು ಕಿತ್ತು ರಕ್ತ ಬರುತ್ತಿತ್ತು. ಮರದ ಪುಡಿಯಲ್ಲೇ ಪಕ್ಕಕ್ಕೆ ಕುಳಿತು, "ನಿಧಾನವಾಗಿ ಉಸಿರು ಬಿಡಿ, ನಾನಿದೀನಿ" ಎನ್ನುತ್ತಾ ಅವರ ಕೈ ಹಿಡಿದುಕೊಂಡೆ. ಆಗ ನೀವು ನನ್ನ ತಲೆಯ ಮೇಲಿಂದ ಹೇಳಿದಿರಿ: "ನೋಡಿದ್ಯಾ, ಸತ್ನಾ? ಸಾಯ್ಲಿಲ್ಲ ತಾನೆ?"

ಆ ಮಾತು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ನಾನೇನೂ ದೇವತೆಯಲ್ಲ. ಒಮ್ಮೆ ಬಸ್‌ಸ್ಟಾಪಿನಲ್ಲಿ ಅವರಿಗೆ ಹಾಗಾದಾಗ, "ಎಲ್ರೂ ನೋಡ್ತಿದಾರೆ, ಏಳಿ ಸಾಕು" ಎಂದು ಗದರಿದ್ದೆ. ಮನೆಗೆ ಬಂದು ಅಳುತ್ತಾ ಅವರಿಗೆ ತಪ್ಪಾಯ್ತು ಅಂದೆ. ನಿಮಗೆ ಆ ಒಂದು ಮಾತು ಹೇಳಲು ಏಳು ತಿಂಗಳು ಸಾಲಲಿಲ್ಲ. ಇವರೋ, "ಅಣ್ಣ ತಿಳೀದೆ ಮಾಡ್ದ" ಎನ್ನುತ್ತಾರೆ. ತಿಳಿಯದೆ ಮಾಡಿದ್ದಲ್ಲ ಭಾವ. ಡಾಕ್ಟರು ತಿಳಿಸಿದ್ದರು, ನಾನು ಬೇಡಿಕೊಂಡಿದ್ದೆ. ನೀವು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ.

ಅವತ್ತೇ ನಿಮ್ಮ ಅಂಗಡಿ ಬಿಟ್ಟವರು ಈಗ ಒಂದು ಶಾಲೆಯಲ್ಲಿ ಬೆಂಚು ರಿಪೇರಿ ಮಾಡುತ್ತಾರೆ. ಮಾತ್ರೆ ತಪ್ಪಿಸುವುದಿಲ್ಲ. ಹೋದ ವಾರ ಕ್ಷೌರದಂಗಡಿಯಲ್ಲಿ, ಅರ್ಧ ಗಡ್ಡ ಆಗಿದ್ದಾಗ ಮತ್ತೆ ಬಂತಂತೆ. ಕ್ಷೌರಿಕನಿಗೆ, "ನನಗೆ ಹೀಗಾಗುತ್ತೆ, ಐದು ನಿಮಿಷ ಕೊಡಿ" ಎಂದು ಹೇಳಿ, ನೊರೆ ಮೆತ್ತಿದ ಮುಖದಲ್ಲೇ ಮೆಟ್ಟಿಲ ಮೇಲೆ ಕುಳಿತು, ಅದು ಇಳಿದ ಮೇಲೆ ಒಳಗೆ ಹೋಗಿ ಉಳಿದರ್ಧ ಮುಗಿಸಿಕೊಂಡು ಬಂದರು. ಹೇಳುವಾಗ ನಕ್ಕರು. ಅವತ್ತು ನಿಮ್ಮ ತಮ್ಮನನ್ನು ಹೇಡಿ ಎಂದಿರಲ್ಲ, ಅದಕ್ಕೇ ಬರೆದೆ.

ಅವರು ಫೋನ್ ಮಾಡಿದಾಗ ಮೊದಲು ಕ್ಷಮೆ ಕೇಳಿ. ಆಮೇಲೆ ಅಂಗಡಿಗೆ ಕರೆಸಿ, ಆ ನಾಲ್ವರ ಎದುರಿಗೇ ಇನ್ನೊಮ್ಮೆ ಕೇಳಿ. ಅವರು ಕ್ಷಮಿಸುತ್ತಾರೆ, ಅವರ ಸ್ವಭಾವ ಅದು. ನನ್ನದು ಬೇರೆ.

ಅಕ್ಕನೂ ಮಕ್ಕಳೂ ಚೆನ್ನಾಗಿರಲಿ. ನಿಮಗೂ ಕೆಡುಕು ಬಯಸುವುದಿಲ್ಲ, ಅಷ್ಟು ಪುರುಸೊತ್ತು ನನಗಿಲ್ಲ.

ಇನ್ನೂ ಸಿಟ್ಟಿನಲ್ಲೇ ಇರುವ,
ನಿಮ್ಮ ತಮ್ಮನ ಹೆಂಡತಿ